ಓತಿಕ್ಯಾತನ ಮನೆಗೆ ಯಾವ ಹಲಗೆ?

ಬೇಲಿ ಅಂದ ಕೂಡಲೇ ನನಗೆ ಓತಿಕ್ಯಾತ ನೆನಪಾಗುತ್ತೆ. ನಿಮಗೂ ಹಾಗೇ ಇರಬೇಕು, ಅಲ್ವಾ? ನಮ್ಮ ಕಡೆ ಲಂಟಾನದ ಬೇಲಿಯೋ ಕಳ್ಳಿ ಬೇಲಿಯೋ ಏನೇ ಇರಲಿ, ಒಂದು ಗೂಟದ ತುದಿಯಲ್ಲಿ ಆಸಾಮಿ ತಲೆ ಎತ್ತಿ ಕೂತು ಗೋಣು ಆಡಿಸ್ತಾ ಇರ್ತಾನೆ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತ ಗಾದೆ ಬೇರೆ. ನಾನಿರೋ ಇಂಗ್ಲೆಂಡಿನ ರೆಡಿಂಗ್ ಊರಲ್ಲೂ ಹಿತ್ತಲಿಗೆ ಬೇಲಿ ಇದೆ, ಗಟ್ಟಿ ಗೂಟಗಳೂ ಇವೆ. ಓತಿ ಮಾತ್ರ ಗೂಟದ ಮೇಲಿಲ್ಲ, ಪಕ್ಕದ ಮನೆಯ ಹಜಾರದಲ್ಲಿದೆ.

ಅದು ಬಿಯರ್ಡೆಡ್ ಡ್ರ್ಯಾಗನ್. ಆಸ್ಟ್ರೇಲಿಯಾದ ಒಣನಾಡಿನದು. ಗದ್ದದ ಕೆಳಗೆ ಮುಳ್ಳುಮುಳ್ಳಾದ ಚರ್ಮ, ಸಿಟ್ಟು ಬಂದರೆ ಅದನ್ನ ಉಬ್ಬಿಸಿ ಕಪ್ಪಗೆ ಮಾಡಿಕೊಳ್ಳುತ್ತೆ. ಈ ದೇಶದಲ್ಲಿ ಇದನ್ನ ಸಾಕೋಕೆ ಲೈಸೆನ್ಸು ಬೇಡ. ಪಕ್ಕದ ಮನೆ ಯಜಮಾನರ ಮೊಮ್ಮಗಳಿಗೆ ಇದರ ಮೇಲೆ ಪ್ರಾಣ. ಮರಿ ಬೆಳೀತು, ಹಳೇ ಗಾಜಿನ ತೊಟ್ಟಿ ಸಾಲದಾಯ್ತು, ನಾಲ್ಕಡಿ ಉದ್ದ ಎರಡಡಿ ಅಗಲ ಎರಡಡಿ ಎತ್ತರದ ಮನೆಯೇ ಬೇಕು ಅಂತಾಯ್ತು. ಯಜಮಾನರು ಮೊದಲು ಬಡಗಿ ಕೆಲಸ ಮಾಡಿದವರು, ಕೊಂಡು ತರೋ ಮಾತೇ ಇಲ್ಲ. ನಾನೋ ಮರದ ವಾಸನೆ ಬಂದ ಕಡೆ ನಿಲ್ಲೋಳು. ಬೇಲಿಯ ಆಚೆ ಅವರು ಗರಗಸ ಹಿಡೀತಾರೆ, ಈಚೆ ನಾನು ಟೀ ಲೋಟ ಹಿಡೀತೀನಿ, ಹೀಗೆ ಶನಿವಾರಗಳು ಕಳೀತಿವೆ.

ಪೆಟ್ಟಿಗೆ ಅಂದ್ರೆ ಆರು ಹಲಗೆ, ನಾಲ್ಕು ಮೊಳೆ, ಅದರಲ್ಲೇನು ಅಂತ ಕೇಳಬಹುದು. ನೋಡಿ, ನಮ್ಮ ಬೇಲಿಯ ಓತಿ, ಗೂಟ ಕಾದರೆ ಇಳಿದು ನೆರಳಿಗೆ ಹೋಗುತ್ತೆ. ಯಾರೋ ಗೂಟಕ್ಕೆ ಬಣ್ಣ ಬಳಿದು ವಾಸನೆ ಬಂದರೆ ಪಕ್ಕದ ಗೂಟ ಹತ್ತುತ್ತೆ. ಪೆಟ್ಟಿಗೆಯ ಓತಿಗೆ ಆ ದಾರಿ ಎಲ್ಲಿದೆ? ನಾವು ಹಾಕಿದ ಹಲಗೆಯ ಗಾಳಿಯನ್ನೇ ಉಸಿರಾಡಬೇಕು, ನಾವು ಇಟ್ಟ ಕಲ್ಲಿನ ಮೇಲೇ ಹೊಟ್ಟೆ ಊರಬೇಕು. ಅದಕ್ಕೇ ಈ ಹಲಗೆ ಆರಿಸೋ ಕೆಲಸ ನನಗೆ ಮದುವೆಗೆ ಸೀರೆ ಆರಿಸೋದಕ್ಕಿಂತ ದೊಡ್ಡದಾಗಿ ಕಾಣುತ್ತೆ. ಯಜಮಾನರಿಗೂ ಅಷ್ಟೇ.

ಮೊದಲು ಕಣ್ಣು ಬಿದ್ದಿದ್ದು ಬೇಲಿಯದೇ ಉಳಿದ ಹಲಗೆಗಳ ಮೇಲೆ. ಶೆಡ್ಡಿನ ಪಕ್ಕ ಒಟ್ಟಿದ್ದವು, ಗಟ್ಟಿಯಾಗಿದ್ದವು, ಬಿಟ್ಟಿಯೂ ಹೌದು. ಮೊಮ್ಮಗಳು ಎತ್ತಿಕೊಂಡು ಬಂದಳು. ಯಜಮಾನರು ಒಂದರ ತುದಿ ಹೆರೆದು ಅವಳಿಗೆ ತೋರಿಸಿದರು. ಮೇಲೆ ಬೂದು ಬಣ್ಣ, ಒಂದು ಕೂದಲೆಳೆ ಒಳಗೆ ಹೋದರೆ ತಿಳಿ ಹಸಿರು. ಆ ಹಸಿರು ಮರದ್ದಲ್ಲ, ತಾಮ್ರದ್ದು. ಮಳೆಗೆ ಕೊಳೀಬಾರದು, ಹುಳ ಹಿಡೀಬಾರದು ಅಂತ ಒತ್ತಡ ಹಾಕಿ ಮರದೊಳಕ್ಕೆ ಮದ್ದು ತೂರಿಸಿರ್ತಾರೆ. ಹಿಂದೆಲ್ಲಾ ತಾಮ್ರದ ಜೊತೆ ಕ್ರೋಮಿಯಂ, ಆರ್ಸೆನಿಕ್ ಕೂಡ ಇರ್ತಿತ್ತು. ಅಮೆರಿಕದಲ್ಲಿ 2003ರ ಕೊನೆಗೆ ಅದನ್ನ ಮನೆಬಳಕೆಯ ಮರದಿಂದ ತೆಗೆದರು, ಯುರೋಪಿನಲ್ಲೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕಟ್ಟುಪಾಡು ಬಂತು. ಹಳೇ ಬೇಲಿ ಯಾವ ಕಾಲದ್ದು ಅಂತ ಯಾರು ಹೇಳ್ತಾರೆ? ಹುಳ ಸಾಯಲಿ ಅಂತ ಕುಡಿಸಿದ ಮರವನ್ನ ಹುಳ ತಿನ್ನೋ ಪ್ರಾಣಿಯ ಮನೆಗೆ ಹಾಕೋದುಂಟಾ! ಹಲಗೆಗಳು ಶೆಡ್ಡಿಗೇ ವಾಪಸ್ಸು.

ಘಮಘಮ ಅನ್ನೋ ಮರಗಳ ಕಥೆಯೂ ಅದೇ. ನಮ್ಮ ಅಜ್ಜಿಯ ಹತ್ತಿರ ಒಂದು ರೇಷ್ಮೆ ಸೀರೆಯ ಪೆಟ್ಟಿಗೆ ಇತ್ತು, ಮುಚ್ಚಳ ತೆಗೆದರೆ ಕರ್ಪೂರ, ಲಾವಂಚ, ಹಳೇ ಮರ ಎಲ್ಲಾ ಸೇರಿ ಒಂದು ವಾಸನೆ ಬರ್ತಿತ್ತು ನೋಡಿ, ಈಗಲೂ ಮೂಗಲ್ಲಿದೆ. ನುಸಿ ಹತ್ತಿರ ಸುಳೀತಿರಲಿಲ್ಲ. ಇಲ್ಲಿನವರು ಅದಕ್ಕೆ ಸೀಡರ್ ಮರ ಹಾಕ್ತಾರೆ, ಬೀರುವಿನೊಳಗೆ ಅದರ ಚಕ್ಕೆ ತೂಗು ಹಾಕೋದೂ ಉಂಟು. ನಮಗೆ ಪರಿಮಳ, ನುಸಿಗೆ ವಿಷ, ಹಲ್ಲಿ ಜಾತಿಯ ಉಸಿರಿಗೂ ಒಳ್ಳೇದಲ್ಲ. ಕೆಂಪು ಸೀಡರ್ ಕೊಯ್ಯೋ ಮಿಲ್ಲುಗಳ ಕೆಲಸಗಾರರಿಗೆ ಅದರ ಧೂಳಿನಿಂದ ಆಸ್ತಮಾ ಬರೋದು ಗೊತ್ತಿರೋ ವಿಷಯ, ಪ್ಲಿಕ್ಯಾಟಿಕ್ ಆಸಿಡ್ ಅಂತ ಅದರೊಳಗಿನ ಒಂದು ಅಂಶ ಅದಕ್ಕೆ ಕಾರಣ. ತೆರೆದ ಗಾಳಿಯಲ್ಲಿ ಕೆಲಸ ಮಾಡೋ ಮನುಷ್ಯನಿಗೇ ಹಾಗಾದರೆ, ಮುಚ್ಚಿದ ಪೆಟ್ಟಿಗೆಯಲ್ಲಿ ದೀಪದ ಕಾವಿಗೆ ಕೂತ ಜೀವಕ್ಕೆ ಹೇಗೆ?

ಹಾಗಾಗಿ ಕೊನೆಗೆ ಪ್ಲೈವುಡ್ಡಿಗೇ ಬಂದು ನಿಂತರು. ಎಂಡಿಎಫ್ ಸಸ್ತಾ, ನೋಡೋಕೆ ನುಣುಪು. ಆದರೆ ಅದು ಮರದ ಪುಡಿ ಮತ್ತು ಅಂಟು, ಆ ಅಂಟು ಹೆಚ್ಚಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ನೀರಿನ ಬಟ್ಟಲು ಒಂದು ಸಲ ಮಗುಚಿಕೊಂಡರೆ ಅಂಚು ಉಬ್ಬಿ ಹೂವಿನ ಹಾಗೆ ಬಿರಿಯುತ್ತೆ, ಆಮೇಲೆ ಅದು ಮೊದಲಿನ ಆಕಾರಕ್ಕೆ ಬರಲ್ಲ. ಹೊರಾಂಗಣದ ಪ್ಲೈವುಡ್ಡಿನ ಅಂಟು ಬೇರೆ, ಫೀನಾಲ್ ಜಾತಿಯದು, ನೀರಿಗೂ ಹೆದರಲ್ಲ, ವಾಸನೆಯನ್ನೂ ಅಷ್ಟು ಬಿಡಲ್ಲ. ನಮ್ಮ ಬೆಂಗಳೂರಲ್ಲಿ ಅಡುಗೆಮನೆ ಮಾಡಿಸಿದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಮೇಸ್ತ್ರಿ ಬಂದು, ಸಿಂಕ್ ಕೆಳಗೆ ಮಾತ್ರ ಮರೈನ್ ಪ್ಲೈ ಹಾಕಿಸಿಬಿಡಿ, ಐಎಸ್ 710 ಅಂತ ಸೀಲು ಇದೆಯಾ ನೋಡ್ಕೊಳ್ಳಿ ಅಂತಾನಲ್ಲ, ಅದೇ. 72 ಗಂಟೆ ಕುದಿಯೋ ನೀರಲ್ಲಿ ಹಾಕಿ ಪರೀಕ್ಷೆ ಮಾಡಿದ ಹಲಗೆ ಅದು. ಮೂರು ದಿನ ಕುದ್ದೂ ಪದರ ಬಿಡದ ಹಲಗೆ ಅಂದ್ರೆ ನನಗೆ ಈಗಲೂ ಅಚ್ಚರಿ. ಇದನ್ನ ಯಜಮಾನರಿಗೆ ಹೇಳಿದಾಗ ಅವರು ಗರಗಸ ಕೆಳಗಿಟ್ಟು, ಇನ್ನೊಂದು ಸಲ ಹೇಳು ಅಂದರು.

ಪೂರ್ತಿ ಗಾಜಿನದೇ ಯಾಕೆ ಮಾಡಬಾರದು ಅಂತ ಮೊಮ್ಮಗಳ ವಾದ. ಎಲ್ಲಾ ಕಡೆಯಿಂದ ಕಾಣುತ್ತಲ್ಲ ಅಂತ. ಆದರೆ ಇಲ್ಲಿನ ಜನವರಿ ಅಂದ್ರೆ ಮನೆಯೊಳಗೇ 18 ಡಿಗ್ರಿ, ಈ ಪ್ರಾಣಿಗೆ ಬಿಸಿಲು ಕಾಯಿಸೋ ಜಾಗ 40 ಡಿಗ್ರಿ ಬೇಕು, ಇನ್ನೊಂದು ತುದಿ 24ರ ಆಸುಪಾಸು ತಣ್ಣಗಿರಬೇಕು. ಗಾಜು ಮರಕ್ಕಿಂತ ಏಳೆಂಟು ಪಟ್ಟು ಸಲೀಸಾಗಿ ಕಾವು ದಾಟಿಸಿಬಿಡುತ್ತೆ. ಗಾಜಿನ ಮನೆ ಕಟ್ಟಿದರೆ ದೀಪ ಉರೀತಾನೇ ಇರುತ್ತೆ, ಕಾವು ಹಜಾರಕ್ಕೆ ಹೋಗ್ತಾನೇ ಇರುತ್ತೆ. ಇದೇ ಪೆಟ್ಟಿಗೆ ಬಳ್ಳಾರಿಯಲ್ಲಿ ಮಾಡೋದಾದ್ರೆ ಲೆಕ್ಕ ಉಲ್ಟಾ, ಏಪ್ರಿಲ್ ತಿಂಗಳಲ್ಲಿ ಒಳಗಿನ ಕಾವು ಹೊರಗೆ ಹೋದರೆ ಸಾಕಪ್ಪಾ ಅನಿಸಿ ಅರ್ಧಕ್ಕರ್ಧ ಜಾಲರಿ ಹಾಕಬೇಕಾಗುತ್ತೆ. ಒಂದು ಊರಿಗೆ ಒಳ್ಳೇದಾದ ಹಲಗೆ ಇನ್ನೊಂದು ಊರಿಗೆ ಒಳ್ಳೇದು ಅಂತ ಹೇಳೋಕಾಗಲ್ಲ.

ಇನ್ನು ಎದುರಿಗೆ ಸರಿಯೋ ಬಾಗಿಲಿಗಂತೂ ಗಾಜು ಬೇಕೇಬೇಕು. ಅಕ್ರಿಲಿಕ್ ಹಗುರ, ಒಡೆಯಲ್ಲ, ಸರಿ. ಆದರೆ ಕಾವಿಗೆ ಬಾಗುತ್ತೆ, ಬಾಗಿದ ಬಾಗಿಲು ಹಳಿಯಲ್ಲಿ ಜಾರಲ್ಲ, ಉಗುರು ಎಳೆದಲ್ಲೆಲ್ಲಾ ಗೀರು. ಗಾಜೇ ಸರಿ. ಹಾಗಂತ ಪೆಟ್ಟಿಗೆಯನ್ನ ಕಿಟಕಿ ಹತ್ತಿರ ಇಟ್ಟುಬಿಟ್ಟರೆ ಬಿಸಿಲು ಬೀಳುತ್ತೆ, ದೀಪದ ಖರ್ಚು ಉಳಿಯುತ್ತೆ ಅಂದ್ಕೋಬೇಡಿ. ಗಾಜು ಬಿಸಿಲಿನ ಕಾವನ್ನ ಒಳಗೆ ಬಿಡುತ್ತೆ, ಯುವಿ-ಬಿ ಕಿರಣವನ್ನ ಆಚೆಯೇ ತಡೆಯುತ್ತೆ. ಮೂಳೆ ಗಟ್ಟಿಯಾಗೋಕೆ ವಿಟಮಿನ್ ಡಿ ಬೇಕು, ಅದಕ್ಕೆ ಬೇಕಾದ್ದೇ ಆ ಕಿರಣ. ಹೊರಗೆ ಉಳಿದಿದ್ದು ಬೇಕಾದ್ದು, ಒಳಗೆ ಬಂದಿದ್ದು ಬರೀ ಸೆಕೆ.

ಈ ಗಾಜಿನ ಮಾತು ಬಂದಾಗಲೆಲ್ಲಾ ನನಗೆ ಜೋನ್ ಪ್ರಾಕ್ಟರ್ ನೆನಪಾಗ್ತಾಳೆ. ಲಂಡನ್ ಮೃಗಾಲಯದಲ್ಲಿ ಸರೀಸೃಪಗಳ ಕ್ಯುರೇಟರ್ ಆಗಿದ್ದಳು, 1923ರಲ್ಲಿ, ಇನ್ನೂ ಇಪ್ಪತ್ತಾರರ ಹುಡುಗಿ. ಶಾಲೆಯಲ್ಲಿದ್ದಾಗ ಮೊಸಳೆ ಮರಿ ಸಾಕಿ ಅದನ್ನ ಗಣಿತದ ಕ್ಲಾಸಿಗೂ ತಂದಿದ್ದವಳು. ಆ ಗಣಿತದ ಮೇಷ್ಟ್ರು ಏನಂದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ... ಇರಲಿ. 1927ರಲ್ಲಿ ತೆರೆದ ಹೊಸ ಸರೀಸೃಪ ಭವನದ ವಿನ್ಯಾಸ ಅವಳದೇ. ಆಗಿನ್ನೂ ಹೊಸದಾಗಿ ಬಂದಿದ್ದ ವೀಟಾ ಗ್ಲಾಸ್ ಅನ್ನೋ ಗಾಜು ಹಾಕಿಸಿದಳು. ಅದು ಮಾಮೂಲಿ ಗಾಜು ತಡೆಯೋ ಅತಿನೇರಳೆ ಕಿರಣವನ್ನ ಒಳಗೆ ಬಿಡ್ತಿತ್ತು. ಒಂದೊಂದು ಗೂಡಿಗೂ ವಿದ್ಯುತ್ತಿನ ಕಾವು, ಹತ್ತಿ ಕೂರೋಕೆ ಬಂಡೆ. ಪ್ರಾಣಿಯ ಮೈಗೆ ಏನು ಬೇಕು ಅನ್ನೋದರಿಂದ ಶುರು ಮಾಡಿ ಕಟ್ಟಡ ಕಟ್ಟಿದವಳು ಅವಳು. ಆರೋಗ್ಯ ಮಾತ್ರ ಅವಳ ಮಾತು ಕೇಳಲಿಲ್ಲ. ಕೊನೆಕೊನೆಗೆ ಗಾಲಿಕುರ್ಚಿಯಲ್ಲಿ ಜೂ ಸುತ್ತುವಾಗ ಸುಂಬಾವಾ ಅನ್ನೋ ಕೋಮೋಡೋ ಡ್ರ್ಯಾಗನ್ ಜೊತೆಗೇ ನಡೆದು ಬರ್ತಿತ್ತಂತೆ. 1931ರಲ್ಲಿ ತೀರಿಕೊಂಡಾಗ ಮೂವತ್ನಾಲ್ಕೇ ವರ್ಷ. ಈಗ ಅಂಗಡಿಯಲ್ಲಿ ಸಿಗೋ ಯುವಿ ಟ್ಯೂಬನ್ನ ಪೆಟ್ಟಿಗೆಯೊಳಗೇ ತೂಗು ಹಾಕ್ತೀವಿ, ಎರಡು ನಿಮಿಷದ ಕೆಲಸ. ಅವಳು ಅದಕ್ಕಾಗಿ ಇಡೀ ಭವನದ ಗಾಜನ್ನೇ ಆರಿಸಬೇಕಾಯ್ತು.

ಎಲ್ಲಿದ್ದೆ? ಹಾಂ, ಗಾಜು. ಗಾಜಿನದು ಇನ್ನೊಂದು ತಕರಾರು ಇದೆ, ಪ್ರತಿಬಿಂಬ. ಹಳೇ ತೊಟ್ಟಿಯಲ್ಲಿದ್ದಾಗ ಈ ಪ್ರಾಣಿ ಸಂಜೆ ಹೊತ್ತು ತನ್ನನ್ನೇ ನೋಡಿ ಇನ್ನೊಂದು ಗಂಡು ಬಂತು ಅಂದ್ಕೊಂಡು ಗಡ್ಡ ಕಪ್ಪಗೆ ಮಾಡಿ ನಿಲ್ತಿತ್ತು. ಒಂದೊಂದು ಸಲ ಮುಂಗಾಲೆತ್ತಿ ನಿಧಾನಕ್ಕೆ ಸುತ್ತಿಸಿ ಇಳಿಸೋದು, ನಮಸ್ಕಾರ ಸ್ವಾಮಿ, ಜಗಳ ಬೇಡ ಅನ್ನೋ ಸನ್ನೆ ಅದು. ಎದುರಿನದೂ ಹಾಗೇ ಕೈ ಎತ್ತುತ್ತಲ್ಲ, ಮತ್ತೆ ಇದು ಎತ್ತುತ್ತೆ. ಮೊಮ್ಮಗಳು ಮೊದಲು ನಕ್ಕಳು, ಆಮೇಲೆ ಪಾಪ ಅದಕ್ಕೆ ನೆಮ್ಮದಿಯೇ ಇಲ್ಲ ಅಂತ ತೊಟ್ಟಿಯ ಮೂರು ಬದಿಗೆ ಕಾಗದ ಅಂಟಿಸಿದಳು. ಹೊಸ ಮನೆಗೆ ಮೂರು ಗೋಡೆ ಮರದ್ದು ಅಂತ ತೀರ್ಮಾನ ಆಗಿದ್ದು ಅವತ್ತೇ. ಗಾಜು ಬೇಕು ಅಂತ ವಾದ ಮಾಡಿದವಳೇ ಬೇಡ ಅಂದಳು.

ಹಿಂದಿನ ಗೋಡೆಗೆ ಬಂಡೆ ಮಾಡೋದು ಅವಳ ಆಸೆ. ಅದಕ್ಕೆ ಥರ್ಮೋಕೋಲ್. ನಾವೆಲ್ಲಾ ಸ್ಕೂಲಲ್ಲಿ ವಿಜ್ಞಾನ ಪ್ರದರ್ಶನಕ್ಕೆ ಜ್ವಾಲಾಮುಖಿ ಮಾಡಿದವರೇ, ಬಿಸಿ ಚಾಕು ಇಟ್ಟರೆ ಬೆಣ್ಣೆ ಕೊಯ್ದಂತೆ ಬರೋದು ಗೊತ್ತು. ಕೆತ್ತಿ, ಮೇಲೆ ಟೈಲ್ಸ್ ಗ್ರೌಟ್ ಬಳಿದು, ಒಣಗಿಸಿ ಬಣ್ಣ ಹಚ್ಚಿದರೆ ಥೇಟ್ ಬಂಡೆ. ಗ್ರೌಟ್ ಪದರ ತೆಳ್ಳಗಾಗೋ ಹಾಗಿಲ್ಲ, ಅದಕ್ಕೊಂದು ಕಾರಣ ಇದೆ. ಈ ಪ್ರಾಣಿಗೆ ತಿನ್ನೋಕೆ ಹಾಕೋದು ಮೀಲ್‌ವರ್ಮ್, ಹಿಟ್ಟಿನ ಹುಳು. ಅವು ಥರ್ಮೋಕೋಲನ್ನ ತಿಂತವೆ! ಸುಮ್ಮನೆ ಕಡಿದು ಉಗಿಯೋದಲ್ಲ, ತಿಂದು ಅರಗಿಸಿಕೊಳ್ತವೆ. ಸ್ಟ್ಯಾನ್‌ಫರ್ಡ್ ಮತ್ತು ಚೀನಾದ ವಿಜ್ಞಾನಿಗಳು 2015ರಲ್ಲಿ ಇದನ್ನ ತೋರಿಸಿದರು, ನೂರು ಹುಳು ಸೇರಿ ದಿನಕ್ಕೆ 34ರಿಂದ 39 ಮಿಲಿಗ್ರಾಂ. ಯಜಮಾನರು ಒಂದು ಡಬ್ಬಿಯಲ್ಲಿ ಹುಳು ಬಿಟ್ಟು ಅಂಗೈಯಗಲದ ಒಂದು ತುಂಡು ಹಾಕಿಟ್ಟಿದ್ದರು. ನಾನೂ ಬೇಲಿ ಮೇಲಿಂದ ಬಗ್ಗಿ ನೋಡಿದೆ. ಬಿಳಿ ತುಂಡಿನ ಅಂಚಿನಲ್ಲಿ ಪೆನ್ಸಿಲ್ ಮೊನೆ ಗಾತ್ರದ ತೂತುಗಳು, ಒಂದು ತೂತಿನಿಂದ ಕಂದು ಬಾಲ ಅಷ್ಟೇ ಆಚೆ. ಕಿವಿ ಹತ್ತಿರ ತಂದರೆ ಸರಸರ, ಸರಸರ. ಊಟವೇ ಗೋಡೆಯನ್ನ ತಿಂದರೆ ಮನೆ ನಿಲ್ಲೋದು ಹೇಗೆ, ಅಲ್ವಾ? ಮೂರು ಕೋಟು ಗ್ರೌಟ್ ಬಿತ್ತು, ಸಂದುಗಳಿಗೆ ಬೆರಳಿಂದಲೇ ತುಂಬಿದರು. ದೀಪದ ಹತ್ತಿರದ ಮೂಲೆಗೆ ಮಾತ್ರ ಥರ್ಮೋಕೋಲ್ ಬೇಡವೇ ಬೇಡ ಅಂದ್ರು, ನೂರು ಡಿಗ್ರಿ ಮುಟ್ಟೋ ಮುಂಚೆಯೇ ಅದು ಮೆತ್ತಗಾಗುತ್ತೆ.

ಮೂಲೆಮೂಲೆಗೆ ಸಿಲಿಕೋನ್ ಹಚ್ಚಿದ ಮೇಲೆ ವಾರಗಟ್ಟಲೆ ಮೂಗಿನ ಕೆಲಸ. ಬಾತ್‌ರೂಮಿಗೆ ಹಚ್ಚೋ ಸಿಲಿಕೋನಿನಲ್ಲಿ ಬೂಷ್ಟು ಹಿಡೀಬಾರದು ಅಂತ ಮದ್ದು ಸೇರಿಸಿರ್ತಾರೆ, ಅದು ಬೇಡ. ಅಕ್ವೇರಿಯಮ್ಮಿಗೆ ಹಾಕೋ ಶುದ್ಧ ಸಿಲಿಕೋನ್ ಆಗಬೇಕು. ಅದು ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡುತ್ತೆ, ಅಂದ್ರೆ ವಿನೆಗರ್ ವಾಸನೆ. ಯಜಮಾನರು ಬೆಳಗಾದ್ರೆ ಬಾಗಿಲು ಸರಿಸಿ ಭುಜದ ತನಕ ಒಳಗೆ ತೂರಿ ಮೂಸ್ತಾರೆ. ಇನ್ನೂ ಇದೆ. ಮರುದಿನ ಮತ್ತೆ. ಒಳಗಡೆ ನೀರಿನ ವಾರ್ನಿಷನ್ನೂ ಮೂರು ಕೈ ಬಳಿದಿದ್ದರು, ಅದೂ ಮುಟ್ಟಿದರೆ ಒಣಗಿದೆ ಅನಿಸುತ್ತೆ, ಪೂರ್ತಿ ಆರಿರಲ್ಲ. ಆಮೇಲೆ ಅವರು ದೀಪ ಹಾಕಿ ಕಾಯಿಸಿ, ಕಾವು ಏರಿದಾಗ ಮೂಸಿದರು. ತಣ್ಣಗಿದ್ದಾಗ ಸುಮ್ಮನಿದ್ದ ವಾಸನೆ ಕಾವಿಗೆ ಎದ್ದು ಬಂತು. ನನಗೆ ಇದು ಬಹಳ ಹಿಡಿಸಿತು. ಖಾಲಿ ಪೆಟ್ಟಿಗೆಗೆ ದೀಪ ಹಾಕಿ ಪ್ರಾಣಿ ಇರೋ ಹಾಗೇ ನಡೆಸಿ ನೋಡೋ ತಾಳ್ಮೆ ಎಷ್ಟು ಜನಕ್ಕಿದೆ ಹೇಳಿ? ಮೊಮ್ಮಗಳು ದಿನಾ ಇವತ್ತು ಬಿಡೋಣ ಅನ್ನೋದು, ಇವರು ಮೂಗು ಬೇಡ ಅಂತಿದೆ ಅನ್ನೋದು.

ನೆಲಕ್ಕೆ ಏನು ಹಾಕಿದರು ಗೊತ್ತಾ? ಕಡಪ ಕಲ್ಲು! ಹೌದು, ನಮ್ಮ ಅಡುಗೆಮನೆ ಕಟ್ಟೆಯ ಅದೇ ಕಪ್ಪು ಕಡಪ. ಇಲ್ಲಿನವರ ಹಿತ್ತಲಿಗೆ ಹಾಸೋಕೆ ಅದು ಹಡಗಲ್ಲಿ ಬರುತ್ತೆ. ಅವರ ಹಿತ್ತಲಿಗೆ ಹಾಸಿ ಉಳಿದ ತುಂಡೊಂದು ಬೇಲಿ ಬುಡದಲ್ಲಿ ಬಿದ್ದಿತ್ತು. ನಾನು ಅದರ ಮೇಲೆ ಕೈಯಿಟ್ಟು, ಇದು ನಮ್ಮ ಪಕ್ಕದ ರಾಜ್ಯದ ಕಲ್ಲು, ನಮ್ಮಮ್ಮ ಇದರ ಮೇಲೇ ಚಪಾತಿ ಲಟ್ಟಿಸ್ತಿದ್ದಳು ಅಂದೆ. ಕಪ್ಪು ಕಲ್ಲು ಕಾವು ಹೀರುತ್ತೆ, ದೀಪ ಆರಿದ ಮೇಲೂ ಹೊತ್ತು ಹಿಡಿದುಕೊಳ್ಳುತ್ತೆ, ಒರಟು ಮೈಗೆ ಉಗುರು ಸವೆಯುತ್ತೆ. ಕಲ್ಲನ್ನ ಮರಳಿನ ಮೇಲಿಡೋ ಹಾಗಿಲ್ಲ, ಹಲಗೆ ಮೇಲೆ ಕೂರಿಸಿ ಆಮೇಲೆ ಸುತ್ತ ಮರಳು. ಇಲ್ಲದಿದ್ದರೆ ಪ್ರಾಣಿ ಕೆಳಗೆ ಬಗೆದು ಬಗೆದು ಕಲ್ಲು ಅದರ ಮೇಲೇ ಕೂರುತ್ತೆ. ಅಂಗಡಿಯಲ್ಲಿ ಒಳಗೇ ಕಾಯಿಲ್ ಇರೋ ಬಿಸಿಕಲ್ಲು ಸಿಗುತ್ತೆ, ಅದನ್ನ ಇವರು ಮುಟ್ಟಲಿಲ್ಲ. ಮರುಭೂಮಿಯಲ್ಲಿ ಕಾವು ಬರೋದು ಮೇಲಿಂದ, ಸೂರ್ಯನಿಂದ. ಹೊಟ್ಟೆ ಕೆಳಗಿಂದ ಸುಡೋದು ಈ ಪ್ರಾಣಿಗಳಿಗೆ ಬೇಗ ತಿಳಿಯಲ್ಲ, ಬೊಬ್ಬೆ ಬಂದರೂ ಅಲ್ಲೇ ಕೂತಿರ್ತವೆ. ಗಾಳಿಗೆ ಎರಡು ಜಾಲರಿ, ತಣ್ಣನೆ ತುದಿಯಲ್ಲಿ ಕೆಳಗೊಂದು, ಬಿಸಿ ತುದಿಯಲ್ಲಿ ಮೇಲೊಂದು. ಕಾದ ಗಾಳಿ ಮೇಲಿಂದ ಹೋದರೆ ತಣ್ಣನೆಯದು ಕೆಳಗಿಂದ ತಾನೇ ಬರುತ್ತೆ. ಜಾಲರಿ ಅಲ್ಯೂಮಿನಿಯಂದು. ಸೊಳ್ಳೆಪರದೆಯ ಫೈಬರ್ ಜಾಲರಿ ದೀಪದ ಹತ್ತಿರ ಕರಗುತ್ತೆ.

ಇದನ್ನೆಲ್ಲಾ ನಾನು ಫೋನಲ್ಲಿ ವರ್ಣಿಸೋದು ಕೇಳಿ ಊರಲ್ಲಿರೋ ತಮ್ಮನ ಮಗ ನಾನೂ ಒಂದು ಪೆಟ್ಟಿಗೆ ಮಾಡ್ತೀನಿ ಅತ್ತೆ, ನಕ್ಷತ್ರ ಆಮೆ ತರ್ತೀನಿ ಅಂದ. ಬೇಡ ಕಂದಾ ಅಂತ ಅಲ್ಲೇ ತಡೆದೆ. ನಕ್ಷತ್ರ ಆಮೆ, ಉಡ, ಹೆಬ್ಬಾವು, ಇವನ್ನೆಲ್ಲಾ ಮನೆಯಲ್ಲಿಡೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಕಾಯ್ದೆ ಇಲ್ಲದಿದ್ದರೂ ನಾನು ಬೇಡವೇ ಅಂತಿದ್ದೆ. ರೆಡಿಂಗಿನ ಈ ಓತಿ ತಲೆತಲಾಂತರದಿಂದ ಪೆಟ್ಟಿಗೆಯಲ್ಲೇ ಹುಟ್ಟಿದ ವಂಶದ್ದು, ಅದಕ್ಕೆ ಬೇರೆ ಮನೆ ಇಲ್ಲ. ನಮ್ಮ ಆಮೆಗೆ ಮನೆ ಇದೆಯಲ್ಲ? ತೇಜಸ್ವಿಯವರ ಕರ್ವಾಲೋ ಓದಿದವರಿಗೆ ಹಾರುವ ಓತಿ ಗೊತ್ತು. ಮಲೆನಾಡಿನ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಪಕ್ಕೆಲುಬಿನ ಚರ್ಮ ಬಿಚ್ಚಿ ತೇಲಿಕೊಂಡು ಹೋಗುತ್ತೆ, ತಿನ್ನೋದು ಇರುವೆ. ಅದಕ್ಕೆ ಎಷ್ಟಡಿಯ ಪೆಟ್ಟಿಗೆ, ಯಾವ ಪ್ಲೈವುಡ್ ಹೇಳಿ ನೋಡೋಣ? ಆಗುಂಬೆ ಕಾಡಲ್ಲಿ ಕಾಳಿಂಗ ತಾಯಿ ಒಣಗೆಲೆಗಳನ್ನ ಮೈಸುರುಳಿಯಿಂದ ಎಳೆದು ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡ್ತಾಳೆ. ಹೊರಗೆ ಆಗುಂಬೆಯ ಮಳೆ, ಗೂಡಿನೊಳಗೆ ಮೊಟ್ಟೆ ಬೆಚ್ಚಗೆ. ತನ್ನ ಸಾಮಾನು ತಾನೇ ಆರಿಸೋಕೆ ಬರೋ ಜೀವಗಳಿಗೆ ನಾವು ಆರಿಸೋಕೆ ಹೋಗೋದು ಬೇಡ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದ್ರೆ ತೋಟಕ್ಕೆ ಹೋಗಿ ಫೋಟೋ ತೆಗೀತೀನಿ ಅಂದ. ಜಾಣ.

ಪೆಟ್ಟಿಗೆಗೆ ಓತಿ ಹೋಗಿ ಆಯ್ತು, ಕಡಪ ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗುತ್ತೆ, ಬಾಯಿ ಸ್ವಲ್ಪ ತೆರೆದು. ಈಗ ಯಜಮಾನರ ತಲೆಯಲ್ಲಿ ಹೊಸ ಹುಳ. ಪ್ಲೈವುಡ್ ಉಳಿದಿದೆ, ಇದೇ ಅಳತೆಯಲ್ಲಿ ಇನ್ನೊಂದು ಮಾಡಿ ಕಾರ್ನ್ ಸ್ನೇಕ್ ಮರಿ ತರೋಣ ಅಂತ. ಓತಿಗೆ ಸರಿಯಾದದ್ದು ಹಾವಿಗೆ ಸರಿಯಾಗಲ್ಲ ಸ್ವಾಮಿ ಅಂದೆ. ಎರಡು ಗಾಜು ಒಂದರ ಮೇಲೊಂದು ಸರಿಯೋ ಕಡೆ ಸಂದು ಇರುತ್ತೆ, ಹಾವಿನ ಮರಿ ಇರೋದೇ ಪೆನ್ಸಿಲ್ ದಪ್ಪ, ತಲೆ ತೂರಿದರೆ ಮೈ ತೂರಿತು ಅಂತಲೇ ಲೆಕ್ಕ. ಮೊದಲು ಆ ಸಂದು ಎಷ್ಟಿದೆ ಅಂತ ಅಳೆದು ಹೇಳಿ, ಆಮೇಲೆ ಹಾವಿನ ಮಾತು ಅಂದಿದ್ದೀನಿ. ಟೇಪು ತರೋಕೆ ಒಳಗೆ ಹೋಗಿದ್ದಾರೆ.